ಮಳೆ ರಜೆಯ ಎಂಟು ಚೀಟಿ

ಜುಲೈ ಬಂತು ಅಂದರೆ ನಮ್ಮ ತೀರ್ಥಹಳ್ಳಿ ಕಡೆ ಮಕ್ಕಳ ಕಿವಿಯೆಲ್ಲ ಅಪ್ಪ ಅಮ್ಮನ ಫೋನಿನ ಮೇಲೆ. ಮಳೆ ಜೋರಾದರೆ ಡೀಸಿ ರಜೆ ಕೊಟ್ಟ ಸುದ್ದಿ ಬರಬೇಕಲ್ಲ. ಕಳೆದ ವರ್ಷ ಹಾಗೆ ಒಟ್ಟಿಗೆ ಮೂರು ದಿನ ರಜೆ ಸಿಕ್ಕಿತು. ಮನೆಯಲ್ಲಿ ಹತ್ತು ವರ್ಷದ ಮಗಳು, ಐದು ವರ್ಷದ ಮಗ, ಜೊತೆಗೆ ಬಂದಿದ್ದ ನಾದಿನಿಯ ಮಗ, ಅವನಿಗೆ ಎಂಟು. ಅಂಗಳಕ್ಕೆ ಇಳಿಯುವ ಹಾಗಿಲ್ಲ, ಕರೆಂಟೂ ಇಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲೇ ಮೂರು ಜಗಳ ಮುಗಿದಿದ್ದವು. ಚೀಟಿ ಹುಡುಕುವ ಆಟ ಮಾಡೋಣ ಅಂತ ಹೊಳೆದದ್ದು ಆಗ. ಒಂದು ಚೀಟಿಯಲ್ಲಿ ಮುಂದಿನ ಚೀಟಿಯ ಸುಳಿವು, ಕೊನೆಯಲ್ಲಿ ನಿಧಿ.

ಮೊದಲ ದಿನದ ಆಟ ಪೂರ್ತಿ ಎಡವಟ್ಟು. ಸುಳಿವು ಬರೆಯುತ್ತಾ, ತೋಚಿದಲ್ಲಿ ಇಡುತ್ತಾ ಹೋದೆ. ಯಾವುದು ಎಲ್ಲಿದೆ ಅಂತ ಕೊನೆಗೆ ನನಗೇ ಗೊತ್ತಿಲ್ಲ. ಎರಡನೆಯದಕ್ಕೆ ಹುಡುಕುವಾಗ ಐದನೆಯದು ಸಿಕ್ಕಿ ಸರಪಳಿ ತುಂಡಾಯಿತು. ಛತ್ರಿಯೊಳಗೆ ಇಟ್ಟದ್ದು ನೆನೆದು ಶಾಯಿಯೆಲ್ಲ ಹರಡಿಹೋಯಿತು. ಹೊರಗೆ ಆ ಪರಿ ಮಳೆ ಸುರಿಯುವಾಗ ಛತ್ರಿ ಒದ್ದೆ ಇರುತ್ತದೆ ಅಂತ ಹೊಳೆಯಬಾರದೇ? ನಿಧಿ ಅಂತ ಎಲ್ಲಕ್ಕಿಂತ ಮೊದಲೇ ಕಂಬಳಿ ರಾಶಿಯೊಳಗೆ ಬಚ್ಚಿಟ್ಟ ಕಡಲೆ ಮಿಠಾಯಿಯನ್ನು ಮಕ್ಕಳಿಗಿಂತ ಮೊದಲು ಇರುವೆಗಳು ಕಂಡುಹಿಡಿದಿದ್ದವು.

ಮಾರನೇ ದಿನ ಸರಿಯಾಗಿ ಕೂತೆ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಎಂಟು ಚೀಟಿ ಮಾಡಿದೆ. ದಪ್ಪ ಕಾಗದ, ಸಂದಿಯಲ್ಲಿ ಸಿಕ್ಕಿಸಿದರೆ ಜಾರುವುದಿಲ್ಲ. ಈ ಸಲ ಹಿಂದಿನಿಂದ ಶುರು ಮಾಡಿದೆ. ಮೊದಲು ನಿಧಿಯ ಜಾಗ, ಅದನ್ನು ಹೇಳುವುದು ಎಂಟನೇ ಚೀಟಿ. ಎಂಟನೆಯದು ಎಲ್ಲಿದೆ ಅಂತ ಹೇಳುವುದು ಏಳನೆಯದು. ಹೀಗೆ ಒಂದನೆಯದಕ್ಕೆ ಬಂದು ನಿಂತರೆ ಕೊಂಡಿ ತಪ್ಪುವುದಿಲ್ಲ. ಎಲ್ಲಕ್ಕೂ ನಂಬರ್ ಹಾಕಿದೆ. ಸರದಿ ಬಾರದ ಚೀಟಿ ಕಣ್ಣಿಗೆ ಬಿದ್ದರೆ ಮುಟ್ಟದೆ ಬರಬೇಕು. ಜಾಗಗಳ ಪಟ್ಟಿ ಬರೆದು ಒಂದು ಪುಸ್ತಕದೊಳಗೆ ಇಟ್ಟುಕೊಂಡೆ. ಒಲೆ, ಬಚ್ಚಲ ಹಂಡೆ, ಅಟ್ಟದ ಏಣಿ, ಔಷಧಿ ಡಬ್ಬ, ದೇವರ ಕೋಣೆ, ಇಲ್ಲೆಲ್ಲೂ ಚೀಟಿ ಇಲ್ಲ ಅಂತ ಮೊದಲೇ ಹೇಳಿಬಿಟ್ಟೆ.

ತಲೆನೋವಾಗಿದ್ದು ವಯಸ್ಸು. ಸುಮ್ನೆ ಬಿಟ್ಟರೆ ದೊಡ್ಡವಳು ಎಲ್ಲ ಓದಿ ಓಡುತ್ತಾಳೆ, ಚಿಕ್ಕವನು ಹಿಂದೆ ಅಳುತ್ತಾ ಬರುತ್ತಾನೆ. ಅದಕ್ಕೆ ಒಂದೊಂದು ಚೀಟಿಗೆ ಒಬ್ಬೊಬ್ಬರನ್ನು ಯಜಮಾನ ಮಾಡಿದೆ. ಯಜಮಾನ ಕೇಳುವ ತನಕ ಉಳಿದವರು ಬಾಯಿ ಬಿಡುವ ಹಾಗಿಲ್ಲ. ಚಿಕ್ಕವನಿಗೆ ಬರೀ ಚಿತ್ರ. ನಡುವಿನವನಿಗೆ ನಾನೇ ಕಟ್ಟಿದ ಒಗಟು: ‘ಬೀದಿಯಲ್ಲಿ ಅರಳುತ್ತೆ, ಮನೆಗೆ ಬಂದರೆ ಮುದುಡುತ್ತೆ, ಮೂಲೆಯಲ್ಲಿ ನಿಂತು ಅಳುತ್ತೆ.’ ಹೌದು, ಮತ್ತೆ ಛತ್ರಿಯೇ. ಆದರೆ ಈ ಸಲ ಚೀಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಹಿಡಿಗೆ ಕಟ್ಟಿದ್ದೆ.

ಮಗಳಿಗೆ ಅಕ್ಷರಗಳನ್ನು ಕತ್ತರಿಸಿ ಕೊಟ್ಟೆ, ಜೋಡಿಸಿಕೊಳ್ಳಲಿ ಅಂತ. ಕನ್ನಡದಲ್ಲಿ ಇದು ಚೆನ್ನಾಗಿ ಬರುತ್ತದೆ, ಒತ್ತು ಕೊಂಬುಗಳನ್ನು ಮಾತ್ರ ಬಿಡಿಸಬಾರದು. ‘ಭ, ಕಾ, ಣಿ, ಪ್ಪಿ, ಉ, ಯಿ, ರ, ನ’ ಅಂತ ಎಂಟು ತುಂಡು. ಮೊದಲು ‘ಭರಣಿ’ ಸಿಕ್ಕಿತು. ‘ಉಪ್ಪಿ’ ಅಂತ ಮಾಡಿಕೊಂಡು ಸ್ವಲ್ಪ ಹೊತ್ತು ನಕ್ಕರು. ಉಪ್ಪಿನಕಾಯಿ ಅಂತ ಹೊಳೆದದ್ದೇ ತಡ, ಮೂವರೂ ಅಡುಗೆಮನೆಗೆ ಓಡಿದರು. ಚೀಟಿ ಇದ್ದದ್ದು ಭರಣಿಯ ಅಡಿಯಲ್ಲಿ. ನಾದಿನಿಯ ಮಗ ಆಗಷ್ಟೇ ಕೈ ತೊಳೆದು ಬಂದವನು, ಸೀದಾ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚತೊಡಗಿದ.

“ಒದ್ದೆ ಕೈ! ಒದ್ದೆ ಕೈ ಮಾರಾಯಾ!” ಅಂತ ಅತ್ತೆ ಜಗಲಿಯಿಂದಲೇ ಕೂಗಿದರು. ಅಪ್ಪೆಮಿಡಿ ಭರಣಿ ಅದು, ಒಂದು ಹನಿ ನೀರು ಬಿದ್ದರೆ ಬೂಷ್ಟು ಹಿಡಿದು ವರ್ಷದ ಉಪ್ಪಿನಕಾಯಿ ಹಾಳು. ಆಮೇಲೆ ಬೈಸಿಕೊಂಡದ್ದು ಹುಡುಗನಲ್ಲ, ನಾನು.

ಆರನೇ ಚೀಟಿಯಲ್ಲಿ ಕನ್ನಡಕದ ಚಿತ್ರ. ಅಂದರೆ ಅಜ್ಜಿ. ಏಳನೆಯದನ್ನು ಅವರ ಕೈಗೇ ಕೊಟ್ಟಿದ್ದೆ, ಕೇಳಿದರೆ ಕೊಡಿ ಅಂದಿದ್ದೆ ಅಷ್ಟೇ. ಅವರು ಕೊಡಬೇಕಲ್ಲ! “ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಎಂತದು ಹೇಳಿ” ಅಂದರು. ದೊಡ್ಡವರಿಬ್ಬರೂ ಒಟ್ಟಿಗೆ “ಮಜ್ಜಿಗೆ ಹುಲ್ಲು” ಅಂದರು. ಕೇಳಲು ಚೆನ್ನಾಗಿದೆ, ಅಲ್ವಾ? ಚಿಕ್ಕವನು ಸ್ವಲ್ಪ ತಡೆದು, “ಮಲ್ಲಿಗೆ” ಅಂದ. ದಿನಾ ಅಜ್ಜಿ ಹೂ ಕಟ್ಟುವಾಗ ಬಾಳೆನಾರು ಹಿಡಿದುಕೊಂಡು ಪಕ್ಕ ಕೂರುವವನು ಅವನು. ಅತ್ತೆಗೆ ಎಷ್ಟು ಖುಷಿಯಾಯಿತು ಅಂದರೆ ಚೀಟಿ ಮರೆತು ಇನ್ನೆರಡು ಒಗಟು ಕೇಳಿದರು. ನನ್ನ ಎಂಟು ಚೀಟಿಗಿಂತ ಅವರ ಮೂರು ಒಗಟು ಜಾಸ್ತಿ ಹೊತ್ತು ಹಿಡಿದವು.

ಆಟ ಮುಗಿಯಲು ಮುಕ್ಕಾಲು ಗಂಟೆ. ನಿಧಿ ಸ್ಟೀಲ್ ಡಬ್ಬಿಯಲ್ಲಿತ್ತು. ಆಟ ಶುರುವಾದ ಮೇಲೆ ಇಟ್ಟದ್ದು, ಮೂವರಿಗೂ ಸಮಪಾಲು.

ಮೂರನೇ ದಿನ ಮಕ್ಕಳೇ ನನಗೆ ಆಟ ಕಟ್ಟಿದರು. ‘ಅಮ್ಮ ದಿನಾ ಬಯ್ಯುವ ಜಾಗ’ ಅಂತ ಒಂದು ಸುಳಿವು, ಅದು ಚಪ್ಪಲಿ ಸ್ಟ್ಯಾಂಡ್. ಆರು ಚೀಟಿ ಸಿಕ್ಕವು. ಏಳನೆಯದು ಇವತ್ತಿಗೂ ಇಲ್ಲ. ಅದನ್ನು ಇಟ್ಟವನು ಚಿಕ್ಕವನು. ಪಟ್ಟಿ ಮಾಡಿಕೊಳ್ಳಲು ಅವನಿಗೆ ಬರೆಯಲು ಬರುತ್ತಿರಲಿಲ್ಲ.