ಬಟ್, ಹೌಎವರ್, ಆಲ್ದೋ: ನಾನು ಪದ ಆರಿಸುವ ರೀತಿ

ಬೇರೆಯವರು ಬರೆದ ಇಂಗ್ಲಿಷ್ ವರದಿ, ಪತ್ರಗಳನ್ನು ತಿದ್ದುವುದು ನನ್ನ ಕೆಲಸ. ಜಾಸ್ತಿ ಜನ ಎಡವುವುದು ಕಷ್ಟದ ಪದಗಳಲ್ಲಿ ಅಲ್ಲ. ಒಂದು ಮಾತಿಗೆ ಎದುರಾಗಿ ಇನ್ನೊಂದು ಮಾತು ಹೇಳಬೇಕಾದಾಗ ಅವರಿಗೆ ಗೊಂದಲ ಶುರುವಾಗುತ್ತದೆ. ‘ಬಟ್’ ಆಗಲೇ ಎರಡು ಸಲ ಬಂತಲ್ಲ ಅಂತ ಮೂರನೆಯದನ್ನು ‘ಹೌಎವರ್’ ಮಾಡುತ್ತಾರೆ. ಆಮೇಲೆ ‘ನೆವರ್‌ದಲೆಸ್’. ಅಂಗಿ ಬದಲಾಯಿಸಿದಂತೆ.

ನಾನು ಪದವನ್ನು ಆಮೇಲೆ ನೋಡುತ್ತೇನೆ. ಮೊದಲು ನೋಡುವುದು ಆ ಎರಡು ಮಾತುಗಳ ನಡುವೆ ಏನು ತಕರಾರು ಅಂತ. ಮಳೆ ಬಂತು, ಆಟ ನಿಲ್ಲಲಿಲ್ಲ. ಇಲ್ಲಿ ನಾವು ಅಂದುಕೊಂಡದ್ದು ಆಗಲಿಲ್ಲ. ಇದಕ್ಕೆ ‘ಬಟ್’, ‘ಆಲ್ದೋ’, ‘ಡಿಸ್ಪೈಟ್’ ಸರಿ. ಅಣ್ಣ ಮಾತುಗಾರ, ತಮ್ಮ ಮೌನಿ. ಇಲ್ಲಿ ತಕರಾರೇ ಇಲ್ಲ, ಸುಮ್ನೆ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದ್ದೇವೆ. ಇದಕ್ಕೆ ‘ವೇರ್ಯಾಸ್’ ಒಳ್ಳೆಯದು. ‘ವೈಲ್’ ಕೂಡ ನಡೆಯುತ್ತದೆ, ಆದರೆ ಅದಕ್ಕೆ ‘ಆಗ’ ಅನ್ನುವ ಅರ್ಥವೂ ಇದೆ. ‘ವೈಲ್ ದ ಮ್ಯಾನೇಜರ್ ಸ್ಪೋಕ್, ದ ಸ್ಟಾಫ್ ಕೆಪ್ಟ್ ಕ್ವೈಟ್’ ಅಂದರೆ ಮ್ಯಾನೇಜರ್ ಮಾತಾಡುವಾಗ ಸಿಬ್ಬಂದಿ ಸುಮ್ಮನಿದ್ದರೋ, ಅವರು ಮಾತಾಡಿದರು ಇವರು ಮಾತಾಡಲಿಲ್ಲ ಅಂತಲೋ? ಇಂಥ ಅನುಮಾನ ಬಂದ ಕಡೆ ನಾನು ‘ವೇರ್ಯಾಸ್’ ಹಾಕಿಬಿಡುತ್ತೇನೆ.

ತಕರಾರು ಯಾವುದು ಅಂತ ತಿಳಿದ ಮೇಲೆ, ಯಾವ ಮಾತಿನ ತೂಕ ಜಾಸ್ತಿ ಇರಬೇಕು ಅಂತ ನೋಡುತ್ತೇನೆ. ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಒಂದು ಯಂತ್ರ ಕೊಳ್ಳಿ ಅಂತ ಶಿಫಾರಸು ಮಾಡುವ ವರದಿಯಲ್ಲಿ ‘ದ ಮೆಷೀನ್ ಈಸ್ ರಿಲಯಬಲ್, ಬಟ್ ಇಟ್ ಈಸ್ ಎಕ್ಸ್‌ಪೆನ್ಸಿವ್’ ಅಂತ ಇತ್ತು. ಓದಿದವರ ತಲೆಯಲ್ಲಿ ಉಳಿಯುವುದು ‘ದುಬಾರಿ’ ಅನ್ನುವುದೇ ಅಲ್ವಾ? ಪದ ಮುಟ್ಟಲಿಲ್ಲ, ಮಾತುಗಳನ್ನು ಮಾತ್ರ ಹಿಂದುಮುಂದು ಮಾಡಿದೆ: ‘ದ ಮೆಷೀನ್ ಈಸ್ ಎಕ್ಸ್‌ಪೆನ್ಸಿವ್, ಬಟ್ ಇಟ್ ಈಸ್ ರಿಲಯಬಲ್’. ಬೆಲೆಯ ಮಾತನ್ನು ಇನ್ನೂ ತಗ್ಗಿಸಬೇಕು ಅನ್ನಿಸಿದರೆ ಅದರ ಶುರುವಿಗೆ ‘ಆಲ್ದೋ’ ಹಾಕಿ ‘ಬಟ್’ ತೆಗೆಯುತ್ತೇನೆ. ಎರಡೂ ಒಟ್ಟಿಗೆ ಬೇಡ. ‘ಆಲ್ದೋ’ ಹಾಕಿ ಮತ್ತೆ ‘ಬಟ್’ ಬರೆಯುವುದನ್ನು ದಿನಾ ನೋಡುತ್ತೇನೆ.

‘ಈವನ್ ದೋ’ ಮತ್ತು ‘ಈವನ್ ಇಫ್’ ವಿಷಯದಲ್ಲಿ ಕನ್ನಡದಲ್ಲಿ ಯೋಚಿಸುವವರು ಸ್ವಲ್ಪ ಹುಷಾರಾಗಿರಬೇಕು. ‘ಮಳೆ ಬಂದರೂ ಹೋದೆ’, ‘ಮಳೆ ಬಂದರೂ ಹೋಗುತ್ತೇನೆ’, ಎರಡಕ್ಕೂ ನಮಗೆ ‘ಬಂದರೂ’ ಸಾಕು. ಇಂಗ್ಲಿಷಿನಲ್ಲಿ ಮೊದಲನೆಯದು ‘ಈವನ್ ದೋ’, ಮಳೆ ಬಂದಾಗಿದೆ. ಎರಡನೆಯದು ‘ಈವನ್ ಇಫ್’, ಬರಬಹುದು, ಬರದೆಯೂ ಇರಬಹುದು. ಗ್ರಾಹಕರಿಗೆ ಹೋಗುವ ಪತ್ರದಲ್ಲಿ ‘ಈವನ್ ದೋ ಯುವರ್ ಪೇಮೆಂಟ್ ಈಸ್ ಲೇಟ್’ ಅಂದರೆ ನೀವು ತಡ ಮಾಡಿದ್ದೀರಿ ಅಂತ ಮುಖದ ಮೇಲೆ ಹೇಳಿದಂತೆ. ಸರಿಯಾಗಿ ಕಟ್ಟಿದವರಿಗೆ ಸಿಟ್ಟು ಬರದೆ ಇರುತ್ತದೆಯೇ?

‘ಹೌಎವರ್’ ಎರಡು ವಾಕ್ಯಗಳನ್ನು ‘ಬಟ್’ ಥರ ಕಾಮಾ ಹಾಕಿ ಕೂಡಿಸುವ ಪದವಲ್ಲ. ಎರಡನೆಯ ವಾಕ್ಯದ ಶುರುವಿಗೆ ಬಂದರೆ ಅದರ ಹಿಂದೆ ಪೂರ್ಣವಿರಾಮ ಅಥವಾ ಅರ್ಧವಿರಾಮ ಬೇಕು, ಮುಂದೆ ಕಾಮಾ ಬೇಕು. ನನಗಂತೂ ಅದನ್ನು ವಾಕ್ಯದ ಒಳಗೆ ಇಡುವುದು ಇಷ್ಟ. ‘ದ ಫಸ್ಟ್ ಟೆಸ್ಟ್ ಫೇಲ್ಡ್. ದ ಸೆಕೆಂಡ್, ಹೌಎವರ್, ವೆಂಟ್ ವೆಲ್.’ ಹೀಗೆ ಬರೆದರೆ ಒತ್ತು ‘ಸೆಕೆಂಡ್’ ಮೇಲೆ ಬೀಳುತ್ತದೆ. ಹೋಲಿಕೆ ಯಾವುದರ ಜೊತೆ ಅಂತ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ.

‘ಡಿಸ್ಪೈಟ್’ ಪಕ್ಕ ‘ಆಫ್’ ಬರುವುದಿಲ್ಲ. ‘ಆಫ್’ ಬೇಕಾದದ್ದು ‘ಇನ್ ಸ್ಪೈಟ್’ಗೆ. ಎರಡರ ಮುಂದೆಯೂ ಪೂರ್ತಿ ವಾಕ್ಯ ನಿಲ್ಲುವುದಿಲ್ಲ, ‘ಡಿಸ್ಪೈಟ್ ದ ರೇನ್’ ಅಂತ ನಾಮಪದ ಬೇಕು. ಅದಕ್ಕೇ ಕೆಲವರು ‘ಡಿಸ್ಪೈಟ್ ದ ಫ್ಯಾಕ್ಟ್ ದಟ್’ ಅಂತ ಎಳೆಯುತ್ತಾರೆ. ತಪ್ಪಲ್ಲ, ಆದರೂ ನಾನು ಅದನ್ನು ಹೊಡೆದುಹಾಕಿ ‘ಆಲ್ದೋ’ ಬರೆಯುತ್ತೇನೆ.

‘ಆನ್ ದ ಕಾಂಟ್ರರಿ’ ಮಾತ್ರ ಬೇರೆ ಜಾತಿ. ಎದುರಿಗಿರುವ ಅಭಿಪ್ರಾಯವೇ ಸುಳ್ಳು ಅನ್ನುವಾಗ ಅದು ಬರಬೇಕು. ‘ದ ವರ್ಕ್ ಈಸ್ ನಾಟ್ ಓವರ್. ಆನ್ ದ ಕಾಂಟ್ರರಿ, ಇಟ್ ಹ್ಯಾಸ್ ಹಾರ್ಡ್ಲಿ ಬಿಗನ್.’ ಬೇಸಿಗೆಯಲ್ಲಿ ಮಾರಾಟ ಏರುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ ಅನ್ನುವುದಕ್ಕೆ ಅದು ಹೊಂದುವುದಿಲ್ಲ. ಎರಡೂ ನಿಜ ತಾನೇ? ಒಂದೇ ವಿಷಯದ ಎರಡು ಮುಖ ಹೇಳುವಾಗ ‘ಆನ್ ದ ಅದರ್ ಹ್ಯಾಂಡ್’ ಇದೆ.

ವಾಕ್ಯದ ಶುರುವಿಗೆ ‘ಬಟ್’ ಬರಬಾರದು ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ನಾನು ಅದನ್ನು ಪಾಲಿಸುವುದಿಲ್ಲ. ಒಳ್ಳೆಯ ಇಂಗ್ಲಿಷ್ ಬರೆಯುವವರು ಯಾರೂ ಅದಕ್ಕೆ ತಲೆಕೆಡಿಸಿಕೊಂಡಂತೆ ಕಾಣುವುದಿಲ್ಲ. ಒಂದೇ ಪ್ಯಾರಾದಲ್ಲಿ ‘ಬಟ್’ಗಳು ಸಾಲಾಗಿ ಬಂದರೆ ಮಾತ್ರ ನಿಲ್ಲುತ್ತೇನೆ. ಬರೆದವರು ಪರ, ವಿರೋಧ, ಮತ್ತೆ ಪರ ಅಂತ ಓಲಾಡಿರುತ್ತಾರೆ. ಪರವಾದ ಮಾತೆಲ್ಲ ಒಂದು ಕಡೆ, ವಿರೋಧದ್ದು ಇನ್ನೊಂದು ಕಡೆ ಜೋಡಿಸಿದರೆ ಒಂದೇ ‘ಬಟ್’ ಸಾಕಾಗುತ್ತದೆ.