ಮೊದಲು ಬೇಲಿ, ಆಮೇಲೆ ಮಡಿ: ಹಿತ್ತಲ ತರಕಾರಿಯಲ್ಲಿ ನನ್ನ ಅನುಭವ

ಹಿತ್ತಲಲ್ಲಿ ತರಕಾರಿಗೆ ಜಂಬಿಟ್ಟಿಗೆ ಕಲ್ಲಿನ ಏರುಮಡಿ, ಅಂದರೆ ನೆಲದಿಂದ ಎತ್ತರದ ಪಾತಿ, ಕಟ್ಟಿಸುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಹೂಂ ಅನ್ನಲಿಲ್ಲ. ಆಚೆಮನೆಯ ಮಾಣಿಯಂತೂ "ಏನ್ ಅತ್ತಿಗೆ, ಸಾಲಾಗಿ ಸಮಾಧಿ ಕಟ್ಟಿಸ್ತಾ ಇದ್ದೀರಾ?" ಎಂದು ನಕ್ಕಿದ್ದ. ಈಗ ಪುಷ್ಯ ಮಳೆ ಹೊಡೆಯುವಾಗಲೂ ನಮ್ಮಲ್ಲಿ ಕೊತ್ತಂಬರಿ ಸೊಪ್ಪು ಇರುತ್ತದೆ. ಅದೇ ಮಾಣಿ ಸಾರಿಗೆ ನಾಲ್ಕೆಸಳು ಕೇಳಿಕೊಂಡು ಬರುತ್ತಾನೆ. ಸಮಾಧಿಯ ಮಾತು ನೆನಪಿಸಿಯೇ ಕೊಡುತ್ತೇನೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹಳ್ಳಿ. ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಬೆಟ್ಟ ಇದೆ ಎಂದರೆ ಮಂಗ, ನವಿಲು, ಮುಳ್ಳುಹಂದಿ ಎಲ್ಲ ಇವೆ ಎಂದೇ ಲೆಕ್ಕ. ಮಳೆಗಾಲದ ತರಕಾರಿಯ ಕಥೆ ನಿಮಗೂ ಗೊತ್ತಲ್ವಾ? ರೋಹಿಣಿ ಮಳೆಗೆ ಹಾಕಿದ ಬೆಂಡೆ, ಸೌತೆ ಆರಿದ್ರೆ ಹೊತ್ತಿಗೆ ಚಂದ ಕಾಣುತ್ತವೆ. ಪುನರ್ವಸು ಹಿಡಿದರೆ ಬುಡ ಕೊಳೆಯುತ್ತದೆ. ಅದರಲ್ಲಿ ಉಳಿದದ್ದು ಮಂಗನ ಪಾಲು.

ಮೊದಲು ಅಡಿಕೆ ಮರ ಸೀಳಿದ ದಬ್ಬೆ ಅಡ್ಡಕಟ್ಟಿ ಮಡಿ ಮಾಡಿದ್ದೆ. ಖರ್ಚಿಲ್ಲ, ತೋಟದಲ್ಲಿ ಬಿದ್ದ ಮರಗಳೇ ಸಾಕು. ಒಂದು ಮಳೆಗಾಲ ಚೆನ್ನಾಗಿ ನಿಂತಿತು. ಎರಡನೆಯದರಲ್ಲಿ ಒರಲೆ (ಗೆದ್ದಲು) ತಿಂದು, ದಬ್ಬೆ ಕುಸಿದು, ಗೊಬ್ಬರದ ಮಣ್ಣೆಲ್ಲ ಬಸಿಗಾಲುವೆಗೆ ಹೋಯಿತು. ಸುತ್ತ ಹಳೇ ಸೀರೆ ಕಟ್ಟಿದ್ದೆ. ಗದ್ದೆಯಲ್ಲಿ ಹಂದಿಗೆ ಸೀರೆ ನಡೆಯುತ್ತದೆ. ಮಂಗ ಅದನ್ನು ಹಿಡಿದು ಜೋಕಾಲಿ ಆಡಿತು.

ಎರಡನೇ ಸಲ ಕಲ್ಲಿನ ಕೆಲಸಕ್ಕೆ ಮುಂಚೆ ಬೇಲಿಗೆ ಕೈ ಹಾಕಿದೆ. ಎಲ್ಲರೂ ಮಡಿ ಮಾಡಿ, ದುಡ್ಡು ಉಳಿದರೆ ಬೇಲಿ ಎನ್ನುತ್ತಾರೆ. ನನ್ನ ಪ್ರಕಾರ ಬೇಲಿಗೆ ದುಡ್ಡಿಲ್ಲದಿದ್ದರೆ ಮಡಿ ಮಾಡಲೇಬೇಡಿ. ಸೋಲಾರ್ ಬೇಲಿಯವರು ಬಂದು ನೋಡಿ ಇಪ್ಪತ್ತೈದು ಸಾವಿರದ ಹತ್ತಿರ ಹೇಳಿದ್ದರು. ಮಳೆಗಾಲದಲ್ಲಿ ಬಿಸಿಲು ಕಡಿಮೆ, ಹುಲ್ಲು ತಂತಿಗೆ ತಾಗಿದರೆ ಕರೆಂಟಿನ ಜೋರು ಇಳಿಯುತ್ತದೆ, ಏನು ಮಾಡೋದು ಎಂದು ಕೇಳಿದೆ. ದಿನಾ ಹುಲ್ಲು ಸವರಿ ಅಂದರು. ಕಳಿಸಿಬಿಟ್ಟೆ.

ಸಿಮೆಂಟ್ ಕಂಬ ನೆಟ್ಟು, ಆರಡಿ ಎತ್ತರದ ಚೈನ್‌ಲಿಂಕ್ ತಂತಿಬಲೆ ಎಳೆಸಿದೆ. ಬುಡದಲ್ಲಿ ವೆಲ್ಡ್ ಮೆಷ್, ಅಂದರೆ ಬೆಸೆದ ತಂತಿಜಾಲರಿ. ಅದನ್ನು ನೆಟ್ಟಗೆ ಹೂಳಲಿಲ್ಲ. ಒಂದಡಿಯಷ್ಟು ಹೊರಗಡೆಗೆ ಮಡಚಿ ನೆಲಕ್ಕೆ ಹಾಸಿ, ಮೇಲೆ ಕಲ್ಲು ಹೇರಿದೆ. ಮುಳ್ಳುಹಂದಿ ಬೇಲಿಯ ಬುಡಕ್ಕೇ ಬಂದು ಕೆರೆಯುತ್ತದೆ. ಕೆರೆದಲ್ಲೆಲ್ಲ ತಂತಿ ಸಿಕ್ಕಿದರೆ ಬಿಟ್ಟು ಹೋಗುತ್ತದೆ. ಮೊದಲು ಅಗ್ಗ ಎಂದು ಕೋಳಿ ಬಲೆ ಹಾಕಿಸಿದ್ದೆ, ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಪುಡಿಯಾಯಿತು.

ಮೇಲ್ಗಡೆ ಪೂರ್ತಿ ಹಳೇ ಮೀನುಬಲೆ. ಘಟ್ಟದ ಕೆಳಗಿನ ನೆಂಟರು ತಂದುಕೊಟ್ಟರು. ಬಲೆಯನ್ನು ಬಿಗಿಯಾಗಿ ಎಳೆಯಬಾರದು. ಬಿಗಿ ಮಾಡಿದರೆ ಮಂಗ ಅದರ ಮೇಲೇ ಓಡಾಡುತ್ತದೆ. ಸಡಿಲ ಬಿಟ್ಟರೆ ಕಾಲು ಸಿಕ್ಕಿ ಗಾಬರಿ. ಬೇಲಿಯ ಅಂಚಿನಲ್ಲೂ ಎರಡಡಿ ಬಲೆ ಹೊರಗೆ ಜೋತು ಬೀಳುವ ಹಾಗೆ ಬಿಟ್ಟಿದ್ದೇನೆ. ಆದರೆ ಬಲೆ ನೆಲಕ್ಕೆ ತಾಗುವುದು ಬೇಡವೇ ಬೇಡ. ಒಮ್ಮೆ ಒಂದು ಮೂಲೆ ಜಾರಿ ಬಿದ್ದಿತ್ತು. ಕೇರೆ ಹಾವು ಸಿಕ್ಕಿಹಾಕಿಕೊಂಡಿತು. ನಮ್ಮವರು ಕೋಲಲ್ಲಿ ತಲೆ ಒತ್ತಿ ಹಿಡಿದರು, ನಾನು ಕತ್ತರಿಯಲ್ಲಿ ಎಳೆ ಎಳೆಯಾಗಿ ಕತ್ತರಿಸಿದೆ. ಅರ್ಧ ಗಂಟೆ ಆಗಿರಬೇಕು. ನಾಗರವಾಗಿದ್ದರೆ ನಾನು ಹತ್ತಿರ ಹೋಗುತ್ತಿರಲಿಲ್ಲ.

ಬಾಗಿಲಿನ ಚಿಲಕ ತೆಗೆಯಲು ಒಂದು ಗಂಡು ಮಂಗ ಕಲಿತಿತು. ಅದಕ್ಕೆ ನಾನು ಮಾಡಿದ ಉಪಾಯ ಇಲ್ಲಿ ಬರೆಯುವುದಿಲ್ಲ. ಬೀಜ ಬದಲಾಯಿಸಿಕೊಳ್ಳಲು ಬಂದವರಿಗೆ ತೋರಿಸುತ್ತೇನೆ.

ಇನ್ನು ಮಡಿ. ನಾಲ್ಕಡಿ ಅಗಲ, ಹತ್ತಡಿ ಉದ್ದದ್ದು ನಾಲ್ಕು. ಎರಡು ವರಸೆ ಕಲ್ಲು, ಸಿಮೆಂಟ್ ಇಲ್ಲ. ಕಲ್ಲಿನ ಸಂದಿಯಿಂದಲೇ ನೀರು ಬಸಿಯಬೇಕು. ತಳಕ್ಕೆ ಅಡಿಕೆ ಸಿಪ್ಪೆ ದಪ್ಪಗೆ ತುಂಬಿದ ಮಡಿಯಲ್ಲಿ ಮಾತ್ರ ನೀರು ಹಿಡಿದುಕೊಂಡು ಬದನೆಯ ಬೇರೆಲ್ಲ ಕೊಳೆಯಿತು. ಅದನ್ನು ತೆಗೆಸಿ ದರಕು (ಒಣಗಿದ ಎಲೆ), ಕೊಟ್ಟಿಗೆ ಗೊಬ್ಬರ, ಮೇಲ್ಮಣ್ಣು ಹಾಕಿಸಿದೆ. ದರಕು ಹಾಕಿದರೆ ಮೊದಲ ವರ್ಷ ಅರ್ಧ ಅಡಿ ಇಳಿಯುತ್ತದೆ, ಹೆದರಬೇಡಿ. ನಮ್ಮ ಕೆಂಪು ಮಣ್ಣಿಗೆ ಹುಳಿ ಜಾಸ್ತಿ. ಮೇ ತಿಂಗಳಲ್ಲೇ ಸುಣ್ಣ ಕೊಡುತ್ತೇನೆ, ಆಮೇಲೆ ಆಗಾಗ ಒಲೆ ಬೂದಿ. ಬಸವನಹುಳಕ್ಕೆ ಒದ್ದೆ ಗೋಣಿಚೀಲದ ಅಡಿ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಹೆಕ್ಕಿ ಉಪ್ಪುನೀರಿಗೆ ಹಾಕಿದರೆ ಆಯಿತು.

ಕೊತ್ತಂಬರಿಯ ಗುಟ್ಟು ಏನಿಲ್ಲ. ದಬ್ಬೆ ಸೀಳಿ ಬಿಲ್ಲಿನಂತೆ ಬಗ್ಗಿಸಿ, ಅರ್ಧ ಮಡಿಗೆ ಪ್ಲಾಸ್ಟಿಕ್ ಶೀಟ್ ಹೊದೆಸಿದ್ದೇನೆ. ಎರಡೂ ಕಡೆ ಗಾಳಿಗೆ ತೆರೆದಿರಬೇಕು, ಅಷ್ಟೇ.

ದುಡ್ಡಿನ ಮಾತಿಗೆ ಬರೋಣ. ಕಲ್ಲು ನೂರೆಂಬತ್ತು ಚಿಲ್ಲರೆ, ಒಂದಕ್ಕೆ ನಲವತ್ತೈದರ ಲೆಕ್ಕ. ಅಲ್ಲಿಗೇ ಎಂಟು ಸಾವಿರ ದಾಟಿತು, ಗಾಡಿ ಬಾಡಿಗೆ ಬೇರೆ. ಕಂಬಕ್ಕೆ ಐದು, ಎರಡೂ ಮೆಷ್‌ಗೆ ಹದಿನಾಲ್ಕೋ ಹದಿನೈದೋ, ಮೀನುಬಲೆಗೆ ಮೂರು, ಆಳಿನ ಖರ್ಚು ಹತ್ತಿರ ಹತ್ತು ಸಾವಿರ. ಒಟ್ಟು ನಲವತ್ತಮೂರು ಸಾವಿರದ ಆಸುಪಾಸು. "ಇಷ್ಟು ದುಡ್ಡಿಗೆ ಹತ್ತು ವರ್ಷ ತರಕಾರಿ ತಿನ್ನಬಹುದಿತ್ತು" ಎಂದು ಅತ್ತೆ ಅಂದರು. ಹತ್ತಲ್ಲ, ನಮ್ಮ ಮನೆಗೆ ಎರಡೂವರೆ ಬರುತ್ತಿತ್ತೇನೋ. ಸಂತೆಗೆ ವಾರಕ್ಕೆ ಮುನ್ನೂರೈವತ್ತು ಹೋಗುತ್ತಿತ್ತು. ಈಗ ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್ ಬಿಟ್ಟರೆ ಏನೂ ತರುವುದಿಲ್ಲ. ಹರಿವೆ, ಬಸಳೆ, ಅಲಸಂದೆ ನೆಂಟರಿಗೂ ಹೋಗುತ್ತದೆ.

ಟೊಮೆಟೊ ಮಾತ್ರ ಸತಾಯಿಸಿತು. ಕಾಯಿ ಬಿಡುವ ಹೊತ್ತಿಗೆ ಹಸಿ ಗಿಡವೇ ಬಾಡಿ ಬೀಳುತ್ತಿತ್ತು, ಸೊರಗು ರೋಗ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗ ತಡೆಯುತ್ತದೆ. ನನಗೂ ಒಳ್ಳೆಯದೇ ಬಂತು. ಆದರೆ ಹೈಬ್ರಿಡ್, ಬೀಜ ಇಟ್ಟುಕೊಳ್ಳಲು ಆಗುವುದಿಲ್ಲ. ನನಗೆ ನಮ್ಮ ಹುಳಿ ನಾಟಿ ಟೊಮೆಟೊವೇ ಬೇಕು. ಅದಕ್ಕೆ ಬೇಲಿಬದಿಯ ಕಾಡುಸುಂಡೆಯ (ಬದನೆ ಜಾತಿಯ ಕಾಡುಗಿಡ) ಸಸಿಗೆ ನಾಟಿ ಟೊಮೆಟೊ ಕಸಿ ಕಟ್ಟಿ ನೋಡಿದೆ. ಸುಂಡೆ ನಿಧಾನ, ಅದರ ಬೀಜವನ್ನು ತಿಂಗಳು ಮೊದಲೇ ಹಾಕಬೇಕು. ಕಟ್ಟಿದ್ದರಲ್ಲಿ ಅರ್ಧದಷ್ಟು ಹತ್ತಿತು. ಹತ್ತಿದ್ದು ಒಂದೂ ಸೊರಗಲಿಲ್ಲ, ಏಪ್ರಿಲ್‌ವರೆಗೂ ಕಾಯಿ ಬಿಟ್ಟಿತು. ಈ ಸಲ ಇಪ್ಪತ್ತಾದರೂ ಕಟ್ಟುತ್ತೇನೆ. ಸುಂಡೆ ಬೀಜ ಆಗಲೇ ಪಾತಿಗೆ ಬಿದ್ದಿದೆ.