ಅನುದಾತ್ತದ ಗೆರೆ ಎಳೆದು ಹೌಸಾ ಕಲಿತದ್ದು

ಇಂಡೋನೇಷ್ಯನ್ ಹಿಡಿದುಕೊಂಡು ಉತ್ತರ ನೈಜೀರಿಯಾದ ಹೌಸಾ ಭಾಷೆ ಕಲಿಯುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಒಂದು ಆಸ್ಟ್ರೋನೇಷ್ಯನ್ ಭಾಷಾ ಕುಟುಂಬದ್ದು, ಇನ್ನೊಂದು ಚಾಡಿಕ್ ಕುಟುಂಬದ್ದು. ನಂಟೇ ಇಲ್ಲ, ಎರಡೂ ಕಲಸಿಹೋಗಿ ಯಾವುದೂ ಬಾಯಿಗೆ ಬರಲ್ಲ ಅಂದರು. ನಂಟಿಲ್ಲ ಅನ್ನೋದು ನಿಜ. ಆದರೆ ನನಗೆ ಬೇಕಿದ್ದದ್ದು ನಂಟಲ್ಲ, ಹೊಸ ಪದ ನೇತುಹಾಕೋಕೆ ಒಂದು ಗೂಟ.

ಇಂಡೋನೇಷ್ಯಾದ ಬಾಂಡುಂಗ್ ಕಡೆಯ ಜವಳಿ ಗಿರಣಿಯಲ್ಲಿ ಐದಾರು ವರ್ಷ ಮೆಂಟೆನೆನ್ಸ್ ನೋಡಿಕೊಂಡಿದ್ದೆ. ಅಲ್ಲಿ ಇಂಡೋನೇಷ್ಯನ್ ಚೆನ್ನಾಗೇ ಬಂತು. ಆಮೇಲೆ ನೈಜೀರಿಯಾದ ಕಾನೊ ಊರಿನ ಗಿರಣಿಗೆ ಹೋದೆ. ಮೊದಲು ದುಡ್ಡು ಸುರಿದದ್ದು ಆನ್‌ಲೈನ್ ಪಾಠಕ್ಕೆ. ಗಂಟೆಗೆ ಎಂಟುನೂರು ಚಿಲ್ಲರೆ, ಒಟ್ಟು ಮೂವತ್ತು ಸಾವಿರದ ಹತ್ತಿರ ಹೋಗಿರಬೇಕು. ಅಷ್ಟಕ್ಕೆ ಕೈಗೆ ಬಂದದ್ದು ಕುಶಲ ವಿಚಾರಿಸುವುದು ಮಾತ್ರ. ಅದೇನೂ ಸಣ್ಣ ವಿದ್ಯೆ ಅಲ್ಲ ಅನ್ನಿ. ಬಾಂಡುಂಗ್‌ನಲ್ಲಿ 'ಸುದಾ ಮಕಾನ್', ಅಂದರೆ ಊಟ ಆಯ್ತಾ ಅಂತ ಕೇಳಿದರೆ ಮುಗಿಯಿತು, ನಮ್ಮ ಹಾಗೇ. ಹೌಸಾದವರು ರಾತ್ರಿ ಹೇಗೆ ಕಳೆಯಿತು, ಮನೆ ಹೇಗಿದೆ, ಕೆಲಸ ಹೇಗಿದೆ ಅಂತ ಒಂದೊಂದಾಗಿ ಕೇಳುತ್ತಾರೆ. 'ಇನಾ ಗಜಿಯಾ' ಅಂತ ಸುಸ್ತನ್ನೂ ವಿಚಾರಿಸುತ್ತಾರೆ. ಅಷ್ಟಕ್ಕೂ ಉತ್ತರ ಕೊಟ್ಟ ಮೇಲೇ ಬೇರಿಂಗ್ ವಿಷಯ.

ಆಮೇಲೆ ಆಂಕಿ, ಪದ ನೆನಪಿಡೋಕೆ ಕಾರ್ಡು ತಿರುಗಿಸುವ ಆ್ಯಪ್. ಇಂಗ್ಲಿಷ್-ಹೌಸಾದ ರೆಡಿ ಕಾರ್ಡುಗಳು, ಎರಡು ಸಾವಿರದ ಆಸುಪಾಸು. ದಿನಾ ತಿರುಗಿಸಿದೆ. ಸ್ಕ್ರೀನಿನಲ್ಲಿ ಎಲ್ಲಾ ಗೊತ್ತು, ಫ್ಲೋರಿಗೆ ಇಳಿದರೆ ಒಂದೂ ಕಿವಿಗೆ ಹತ್ತದು. ಕಾರಣ ಬರವಣಿಗೆ. ಬೊಕೊ ಅನ್ನುವ ಅವರ ರೋಮನ್ ಲಿಪಿ ಹ್ರಸ್ವ ದೀರ್ಘ ತೋರಿಸಲ್ಲ, ಸ್ವರದ ಏರಿಳಿತವನ್ನೂ ತೋರಿಸಲ್ಲ. ಊರಿಗೂ ಹಿಟ್ಟಿಗೂ ಕಾರ್ಡಿನಲ್ಲಿ ಒಂದೇ ಸ್ಪೆಲ್ಲಿಂಗ್. ಬಾಯಲ್ಲಿ ಮಾತ್ರ ಊರು 'ಗರೀ', ಹಿಟ್ಟು 'ಗಾರೀ'. ಇಂಡೋನೇಷ್ಯನ್‌ಗೆ ಈ ತಲೆನೋವಿಲ್ಲ. ಅಲ್ಲಿ 'e' ಅಕ್ಷರದ ಎರಡು ಉಚ್ಚಾರ ಬಿಟ್ಟರೆ ಬರೆದದ್ದನ್ನೇ ಓದಬಹುದು.

ಹಾಗಾಗಿ ರೋಮನ್ ಬಿಟ್ಟು ಕನ್ನಡದಲ್ಲೇ ಬರೆಯೋಕೆ ಶುರು ಮಾಡಿದೆ. ಹ್ರಸ್ವ ದೀರ್ಘದ ಸಮಸ್ಯೆ ಅವತ್ತೇ ಹೋಯಿತು. ಉಳಿದದ್ದು ಏರಿಳಿತ. ಅದಕ್ಕೆ ನಮ್ಮ ಮಂತ್ರದ ಪುಸ್ತಕ ನೆನಪಾಯಿತು. ಅನುದಾತ್ತಕ್ಕೆ, ಅಂದರೆ ತಗ್ಗಿಸಿ ಹೇಳುವ ಸ್ವರಕ್ಕೆ, ಅಕ್ಷರದ ಕೆಳಗೆ ಅಡ್ಡಗೆರೆ ಇರುತ್ತಲ್ವಾ, ಹೌಸಾದ ತಗ್ಗು ಸ್ವರಕ್ಕೆ ಅದೇ ಗೆರೆ. ಎತ್ತರದ ಸ್ವರಕ್ಕೆ ಗುರುತಿಲ್ಲ. ಮೇಲಿಂದ ಜಾರುವ ಸ್ವರಕ್ಕೆ ತಲೆಯ ಮೇಲೆ ನಿಲುಗೆರೆ. ಈ ಮೂರರಲ್ಲೇ ಎಲ್ಲಾ ಮುಗಿಯುತ್ತದೆ. 'ಕೂಕಾ' ಎರಡೂ ಅಕ್ಷರ ಎತ್ತರದಲ್ಲಿದ್ದರೆ ಅಳು. ಎರಡನೆಯದರ ಕೆಳಗೆ ಗೆರೆ ಬಿದ್ದರೆ ಬಾವೊಬಾಬ್ ಮರ, ಅದರ ಎಲೆಯ ಪುಡಿ ಹಾಕಿಯೇ 'ಮಿಯಾನ್ ಕೂಕಾ' ಅನ್ನುವ ಸಾರು ಮಾಡೋದು. ಏರಿಳಿತ ನೋಡೋಕೆ 1934ರ ಬಾರ್ಜರಿ ನಿಘಂಟು ಸಾಕು, ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಇದೇನು ಪೌರೋಹಿತ್ಯವಾ ಅಂತ ಜೊತೆಯವರು ರೇಗಿಸಿದರು. ರೇಗಿಸಲಿ ಬಿಡಿ.

ಬೊಕೊದಲ್ಲಿ ಕೊಕ್ಕೆ ಹಾಕಿದ 'ಕ' (ƙ) ಒಂದಿದೆ. ಅದನ್ನು ನಾವು 'ಖ' ಅಂದುಬಿಡುತ್ತೇವೆ. ಅದು ಮಹಾಪ್ರಾಣ ಅಲ್ಲ, ಉಸಿರು ಹಿಡಿದು ಟಪ್ಪಂತ ಬಿಡಬೇಕು. ಸಾದಾ 'ಕ' ಹಾಕಿ 'ಬಾಕಿ' ಅಂದರೆ ಬಾಯಿ, ಕೊಕ್ಕೆಯದಾದರೆ ಅತಿಥಿಗಳು. ಇದನ್ನು ಅಭ್ಯಾಸ ಮಾಡೋಕೆ ನನ್ನದೇ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ.

ಇನ್ನು ಗೂಟದ ವಿಷಯ. ಎರಡೂ ಭಾಷೆಗೆ ಇಸ್ಲಾಮಿನ ಜೊತೆ ರಾಶಿ ಅರಬ್ಬಿ ಪದ ಬಂದಿವೆ. ಇಂಡೋನೇಷ್ಯನ್ ಹೆಚ್ಚಾಗಿ ಮೊದಲಿನ 'ಅಲ್' ಬಿಟ್ಟು ಪದ ತೆಗೆದುಕೊಂಡಿತು. ಹೌಸಾ ಹಲವು ಪದಗಳನ್ನು 'ಅಲ್' ಸಮೇತ ನುಂಗಿತು, ಕೆಲವು ಕಡೆ ಅದರ 'ಲ' ಮಾತ್ರ ಉಳಿಯಿತು. ಸುದ್ದಿ ಅಲ್ಲಿ 'ಕಬರ್', ಇಲ್ಲಿ 'ಲಾಬಾರೀ'. ಸಮಯ 'ವಕ್ತು', ಇಲ್ಲಿ 'ಲೋಕಚೀ'. ಬುಧವಾರ 'ರಾಬು', ಇಲ್ಲಿ 'ಲಾರಬಾ'. ಗುರುವಾರ 'ಕಮಿಸ್', ಇಲ್ಲಿ 'ಅಲ್‌ಹಮೀಸ್'. ಈ ಒಂದು ಸೂತ್ರ ಕೈಗೆ ಸಿಕ್ಕ ಮೇಲೆ ಎರಡು ವಾರದಲ್ಲಿ ಮುನ್ನೂರು ಪದವಾದರೂ ಬಂದಿರಬೇಕು. ಕೆಲವು ಕನ್ನಡಕ್ಕೂ ಬಂದು ಕೂತಿವೆ: ಜವಾಬು, ದುನಿಯಾ, ಸಾಬೂನು, ವಕೀಲ. ಸಾಬೂನು ಅಲ್ಲಿ 'ಸಾಬುನ್', ಹೌಸಾದಲ್ಲಿ 'ಸಾಬುಲು'. ಇನ್ನೊಂದು ತಮಾಷೆ. ಯೋಚನೆ ಅನ್ನುವ ಅರಬ್ಬಿ 'ಫಿಕ್ರ್' ಇಂಡೋನೇಷ್ಯನ್‌ನಲ್ಲಿ 'ಪಿಕಿರ್' ಆಯಿತು. ಹೌಸಾದಲ್ಲಿ ಇದರ ಉಲ್ಟಾ, ಅವರಿಗೆ 'ಪ'ನೇ ಇಲ್ಲ, ಪೆಟ್ರೋಲ್ 'ಫೇತುರ್', ಪಾಸ್‌ಪೋರ್ಟ್ 'ಫಾಸ್ಫೊ'.

ವ್ಯಾಕರಣದಲ್ಲಿ ಈ ಗೂಟ ಅರ್ಧ ದೂರ ಮಾತ್ರ ಬರುತ್ತದೆ. ಕಾಲ ಬದಲಾದರೂ ಕ್ರಿಯಾಪದ ಎರಡರಲ್ಲೂ ಬಹುಪಾಲು ಹಾಗೇ ಇರುತ್ತದೆ. ಇಂಡೋನೇಷ್ಯನ್ ಕ್ರಿಯಾಪದಕ್ಕೆ ಮೊದಲು ಒಂದು ಪದ ಹಾಕುತ್ತದೆ: 'ಸಾಯಾ ಸುದಾ ಮಕಾನ್', 'ಸಾಯಾ ಅಕನ್ ಮಕಾನ್'. ಹೌಸಾ 'ನಾನು' ಅನ್ನುವ ಪದವನ್ನೇ ತಿರುಚುತ್ತದೆ: ತಿಂದೆ ಅನ್ನೋಕೆ 'ನಾ ಚಿ', ತಿನ್ನುತ್ತೇನೆ ಅನ್ನೋಕೆ 'ಜ಼ನ್ ಚಿ'. ಕ್ರಿಯಾಪದದ ಬಾಲ ನೋಡಿ ಅಭ್ಯಾಸವಾದ ನಮಗೆ ವಾಕ್ಯದ ತಲೆ ಕಡೆ ಕಿವಿ ಕೊಡೋದು ಕಷ್ಟ. ನಾನು ಆ ಸರ್ವನಾಮಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ, ಬೇರೆ ದಾರಿಯಿಲ್ಲ. ಲಿಂಗದಲ್ಲಿ ಇಂಡೋನೇಷ್ಯನ್ ಪೂರ್ತಿ ಕೈಕೊಡುತ್ತದೆ. ಅಲ್ಲಿ ಅವನೂ 'ದಿಯಾ', ಅವಳೂ 'ದಿಯಾ'. ಹೌಸಾದಲ್ಲಿ 'ನೀನು' ಕೂಡ ಗಂಡಿಗೆ 'ಕೈ', ಹೆಣ್ಣಿಗೆ 'ಕೇ'. ಕಾರೂ ಹೆಣ್ಣೇ! 'ಆ' ಕಾರದಲ್ಲಿ ಮುಗಿದರೆ ಹೆಚ್ಚಾಗಿ ಹೆಣ್ಣು, ಆದರೆ ಮನೆ, ನೀರು, ಮಾಂಸ ಗಂಡು. ಬಹುವಚನ ಕೇಳಲೇಬೇಡಿ. ಮನೆಗಳು ಅನ್ನೋಕೆ ಇಂಡೋನೇಷ್ಯನ್ 'ರುಮಾ-ರುಮಾ' ಅಂತ ಎರಡು ಸಲ ಹೇಳಿ ಮುಗಿಸುತ್ತದೆ. ಹೌಸಾದಲ್ಲಿ ಮನೆ 'ಗಿಡಾ' 'ಗಿಡಾಜೆ' ಆಗುತ್ತದೆ, ಕಾರು 'ಮೋತಾ' 'ಮೋತೋಚಿ' ಆಗುತ್ತದೆ, ಅಂಗಿ 'ರೀಗಾ' 'ರೀಗುನಾ'.

ನಡುವೆ ಅಜಮಿ ಹುಚ್ಚು ಹಿಡಿಯಿತು. ಹೌಸಾವನ್ನು ಅರಬ್ಬಿ ಅಕ್ಷರದಲ್ಲಿ ಬರೆಯುವ ರೀತಿ ಅದು, ಮಲಯ್‌ಗೆ ಜಾವಿ ಇದ್ದ ಹಾಗೆ. ಐನೂರು, ಸಾವಿರದ ನೈರಾ ನೋಟಿನ ಮೇಲೆ ಈಗಲೂ ಇದೆ. ಒಬ್ಬ ಮಾಲಮ್, ಅಂದರೆ ಮೇಷ್ಟ್ರ ಹತ್ತಿರ ವಾರಕ್ಕೊಮ್ಮೆ ಹೋದೆ, ಫೀಸು ಜಾಸ್ತಿಯೇನಲ್ಲ. ನೋಟು ಓದೋಕೆ ಬಂತು, ಗಿರಣಿಯಲ್ಲಿ ಉಪಯೋಗಕ್ಕೆ ಬರಲಿಲ್ಲ.

ಹೆಚ್ಚುಕಮ್ಮಿ ಎಂಟು ತಿಂಗಳಿಗೆ ಬಿಬಿಸಿ ಹೌಸಾದ ಸುದ್ದಿ ತಡೆಯಿಲ್ಲದೆ ಅರ್ಥವಾಯಿತು. ಅದೇ ದಿನದ ಸುದ್ದಿಯನ್ನು ಬಿಬಿಸಿ ಇಂಡೋನೇಷ್ಯಾದಲ್ಲಿ ಓದಿಕೊಂಡು ಕೇಳುತ್ತಿದ್ದೆ. ಈ ಉಪಾಯಕ್ಕೆ ಆದ ಖರ್ಚು ನಾಲ್ಕೈದು ನೋಟ್‌ಬುಕ್, ಡೇಟಾ ಪ್ಯಾಕ್. ಕಲಸಿಹೋಗುತ್ತದೆ ಅಂದಿದ್ದವರಲ್ಲಿ ಇಬ್ಬರು ಆ ನೋಟ್‌ಬುಕ್ ಜೆರಾಕ್ಸ್ ಮಾಡಿಸಿಕೊಂಡಿದ್ದಾರೆ. ಈಗ ಪೂರ್ವ ಆಫ್ರಿಕಾದ ಸ್ವಾಹಿಲಿಗೂ ಒಂದು ಕಾಲಂ ಎಳೆದಿದ್ದೇನೆ. 'ಹಬರಿ', 'ವಕಾತಿ', ಅಂದರೆ ಅಲ್ಲಿ 'ಅಲ್' ಇಲ್ಲ, ಇಂಡೋನೇಷ್ಯನ್ ದಾರಿಯೇ. ಗುರುವಾರ ಮಾತ್ರ 'ಅಲ್‌ಹಮಿಸಿ', ಹೌಸಾದ ಕಡೆಗೆ ವಾಲುತ್ತದೆ. ಯಾಕೆ ಅಂತ ಹುಡುಕುತ್ತಿದ್ದೇನೆ.